ಜಿರಳೆ ಮೇಷ್ಟ್ರು ನಮ್ಮ ಮನೆಗೆ ಬಂದದ್ದು

ನನ್ನ ಅಕ್ಕನ ಗಂಡನನ್ನು ಊರಿಡೀ ಜಿರಳೆ ಮೇಷ್ಟ್ರು ಎಂದೇ ಕರೆಯುತ್ತದೆ. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಮನೆ, ಹೋಟೆಲು, ಬೇಕರಿ, ಹಾಸ್ಟೆಲ್ಲು ಎಂದು ಸುತ್ತಿ ಅಲ್ಲಿನ ಜಿರಳೆಗಳನ್ನು ನಿರ್ನಾಮ ಮಾಡುವುದು ಅವರ ಕಸುಬು. ಜಿರಳೆ ಓಡಿಸುವವರು ಎಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ಕೋಪ. "ಓಡ್ಸೋದಲ್ಲ, ಮುಗ್ಸೋದು. ಓಡ್ಸಿದ್ರೆ ಎಲ್ಲಿಗೆ ಹೋಗ್ತವೆ ಹೇಳಿ? ಇನ್ನೊಂದು ಕಡೆ ಹೋಗಿ ಸಂಸಾರ ಹೂಡ್ತವೆ," ಎನ್ನುವುದು ಅವರ ಮೊದಲ ಪಾಠ. ಈ ಪಾಠವನ್ನು ನಾನು ಹನ್ನೆರಡು ವರ್ಷ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅದರಿಂದ ನನ್ನ ಮಗಳಿಗೆ ಏನಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೇಷ್ಟ್ರು ಎಂಬ ಹೆಸರು ಅವರ ಕೆಲಸದ ರೀತಿಯಿಂದ ಬಂದದ್ದು. ಬೇರೆಯವರು ಬಂದ ಕೂಡಲೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬುಸ್ಸೆಂದು ಔಷಧಿ ಸಿಂಪಡಿಸಿ ಹೊರಟುಬಿಡುತ್ತಾರೆ. ನಮ್ಮ ಭಾವ ಬಂದರೆ ಮನೆಯೊಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಯಾವ ನಲ್ಲಿ ತೊಟ್ಟಿಕ್ಕುತ್ತದೆ? ಪಾತ್ರೆ ತೊಳೆದ ಮೇಲೆ ಸಿಂಕನ್ನು ಒಣಬಟ್ಟೆಯಲ್ಲಿ ಒರೆಸುತ್ತೀರಾ? ರಟ್ಟಿನ ಡಬ್ಬಗಳನ್ನು ಎಲ್ಲಿ ಕೂಡಿಟ್ಟಿದ್ದೀರಿ? ತಪ್ಪು ಉತ್ತರ ಕೊಟ್ಟರೆ ಹುಬ್ಬು ಮೇಲೇರುತ್ತದೆ. ಆಮೇಲೆ ಪರೀಕ್ಷೆ. ಹಾಡುಹಗಲಲ್ಲೇ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಪರದೆ ಎಳೆದು, ದೀಪ ಆರಿಸಿ, ಹತ್ತು ನಿಮಿಷ ಯಾರೂ ತುಟಿ ಪಿಟಕ್ಕೆನ್ನದೆ ಕೂರಬೇಕು. ಹತ್ತನೇ ನಿಮಿಷಕ್ಕೆ ಭಾವ ಟಾರ್ಚ್ ಬಿಡುತ್ತಾರೆ.

ಅಕ್ಕ ಒಂದು ಸಲ ಅವರ ಜೊತೆ ಒಂದು ಬೇಕರಿಗೆ ಹೋಗಿದ್ದಳು. ಬೇಕರಿಯವನು ಎಲ್ಲ ಫಳಫಳ ಎನ್ನುವ ಹಾಗೆ ಇಟ್ಟಿದ್ದನಂತೆ. "ಸುಮ್ನೆ ಒಂದ್ಸಲ ನೋಡ್ಕೊಂಡ್ ಹೋಗಿ ಮೇಷ್ಟ್ರೇ, ನಮ್ಮಲ್ಲಿ ಏನೂ ಇಲ್ಲ," ಎಂದು ಬೀಗಿದನಂತೆ. ಭಾವ ಷಟರ್ ಎಳೆಸಿದರು, ಒಲೆಯ ಪಕ್ಕದಲ್ಲಿ ಕುಳಿತರು. ಹತ್ತು ನಿಮಿಷಕ್ಕೆ ಟಾರ್ಚ್ ಬಿಟ್ಟಾಗ ಒಲೆಯ ಹಿಂದಿನ ಬಿಳಿ ಗೋಡೆ ಕಂದಾಗಿತ್ತಂತೆ, ಆಮೇಲೆ ಆ ಗೋಡೆಯೇ ಹರಿದಾಡಿತಂತೆ. ಬೇಕರಿಯವನು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತವನು ಅರ್ಧ ಗಂಟೆ ಏಳಲಿಲ್ಲವಂತೆ. ಅಕ್ಕ ಇದನ್ನು ಹೇಳುವಾಗ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಅವನ ಜಾಗದಲ್ಲಿ ನಾನೇ ಕೂರುವ ದಿನ ಬರುತ್ತದೆಂದು ಕನಸಿನಲ್ಲಿಯೂ ಅಂದುಕೊಂಡಿರಲಿಲ್ಲ.

ಭಾವ ಹುಟ್ಟಾ ಜಿರಳೆ ಮೇಷ್ಟ್ರೇನಲ್ಲ. ಮೊದಲು ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಒಂದು ಅಂಗಡಿ. ಹಾಡುವುದನ್ನು ನಿಲ್ಲಿಸಿದ ರೇಡಿಯೋಗಳನ್ನು ಜನ ತಂದುಕೊಡುತ್ತಿದ್ದರು. ಹಿಂಬದಿ ಬಿಚ್ಚಿದರೆ ಹತ್ತರಲ್ಲಿ ನಾಲ್ಕರೊಳಗೆ ಜಿರಳೆಯ ಸಂಸಾರ. ಕತ್ತಲು, ಬೆಚ್ಚಗಿನ ಜಾಗ, ಯಾರೂ ಬಂದು ಎಬ್ಬಿಸದ ನೆಮ್ಮದಿ, ಇನ್ನೇನು ಬೇಕು? ಭಾವ ಗ್ರಾಹಕರನ್ನು ಕರೆದು ತೋರಿಸುತ್ತಿದ್ದರು. ಒಬ್ಬ ಹೆಂಗಸು ಅಲ್ಲೇ ತಲೆ ಸುತ್ತಿ ಬಿದ್ದಳಂತೆ. ದಿನಾ ಬೆಳಗ್ಗೆ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಹಾಡು ಕೇಳುತ್ತಿದ್ದ ರೇಡಿಯೋ ಅದು. ಬರಬರುತ್ತಾ ರೇಡಿಯೋ ತರುವವರು ಕಡಿಮೆಯಾಗಿ, "ಮನೆಗೇ ಬಂದು ಒಮ್ಮೆ ನೋಡ್ತೀರಾ?" ಎನ್ನುವವರು ಹೆಚ್ಚಾದರು. ಭಾವ ಅಂಗಡಿ ಮುಚ್ಚಿದರು, ಸ್ಕ್ರೂಡ್ರೈವರ್ ಮಾತ್ರ ಬಿಡಲಿಲ್ಲ. ಈಗಲೂ ಯಾರ ಮನೆಗೆ ಹೋದರೂ ಅವರ ಕೈ ಮೊದಲು ಹೋಗುವುದು ಮೋರಿಯ ಕಡೆಗಲ್ಲ, ಬೆಚ್ಚಗಿರುವ ಯಾವುದಾದರೊಂದು ಪೆಟ್ಟಿಗೆಯ ಬೆನ್ನಿಗೆ.

ಇಂಥ ಮನುಷ್ಯನನ್ನು ನಾನು ನನ್ನ ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನಕ್ಕೆ ಆರುನೂರು ಬಿಳಿ ಹೊದಿಕೆ, ದಿಂಬಿನ ಚೀಲ, ಟವೆಲ್ಲುಗಳು ನನ್ನ ಕಣ್ಣ ಮುಂದೆ ಹಾದುಹೋಗುತ್ತವೆ. ಸೂಜಿಮೊನೆಯಷ್ಟು ಕಲೆ ಇದ್ದರೂ ನನ್ನ ಕಣ್ಣು ತಪ್ಪಿಸಿ ಹೋಗುವ ಹಾಗಿಲ್ಲ. ಮನೆಯಲ್ಲೂ ಹಾಗೆಯೇ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೆಲ ಒರೆಸಬೇಕು. ಸಿಂಕಿನ ಕೆಳಗೆ, ಕಪಾಟಿನ ಮೂಲೆಗೆ, ಕೊಳವೆ ಹೊರಗೆ ಹೋಗುವ ತೂತಿಗೆ ದಿನಾ ಸ್ಪ್ರೇ ಹೊಡೆಯಬೇಕು. ಭಾವ ನನ್ನನ್ನು ಚೊಕ್ಕಮ್ಮ ಎಂದು ಚುಡಾಯಿಸುತ್ತಿದ್ದರು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. "ಚೊಕ್ಕಮ್ಮಾ, ಆ ಸ್ಪ್ರೇ ಬಿಡು. ನಾನು ಸಾಸಿವೆ ಕಾಳಿನಷ್ಟು ಜೆಲ್ ಇಟ್ಟು ಹೋಗ್ತೀನಿ, ಮೂಲೇಲಿ ಅದರ ಪಾಡಿಗೆ ಅದಿರತ್ತೆ. ತಿಂದ್ ಹೋಗಿ ಗೂಡಲ್ಲೇ ಸಾಯ್ತವೆ. ಸ್ಪ್ರೇ ಹೊಡದ್ರೆ ಒಂದು ಸಾಯತ್ತೆ, ಹತ್ತು ಚದುರಿಹೋಗ್ತವೆ," ಎಂದು ಮುಂದಿನ ಕೋಣೆಯ ಕುರ್ಚಿಯಿಂದಲೇ ಕೂಗುತ್ತಿದ್ದರು.

"ನಮ್ಮನೇಲಿ ಜಿರಳೆ ಇದ್ರೆ ತಾನೆ ಭಾವ? ನಿಮ್ ಪಾಠ ಬೇರೆಯವರಿಗೆ ಇಟ್ಕೊಳ್ಳಿ," ಎಂದು ನಾನು ಒಳಗಿನಿಂದಲೇ ಉತ್ತರ ಕೊಡುತ್ತಿದ್ದೆ.

ತಮಾಷೆ ಎಂದು ಎಲ್ಲರೂ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಅದು ತಮಾಷೆಯಾಗಿರಲಿಲ್ಲ. ಅವರ ಕಸುಬಿನ ಬಗ್ಗೆ ನನಗೆ ಅಸಹ್ಯವಿತ್ತು. ಅವರ ಕೆಲಸದ ಚೀಲವನ್ನು ಮೆಟ್ಟಿಲ ಮೇಲೇ ಇಡಿಸುತ್ತಿದ್ದೆ. ಅವರು ಹೋದ ಮೇಲೆ ಕುರ್ಚಿ ಒರೆಸುತ್ತಿದ್ದೆ. ಲಾಂಡ್ರಿಯಲ್ಲಿ ಯಾರಾದರೂ ಕೇಳಿದರೆ ಭಾವ ಸರ್ಕಾರಿ ಕಚೇರಿಯಲ್ಲಿದ್ದಾರೆ ಎನ್ನುತ್ತಿದ್ದೆ. ಅಕ್ಕನಿಗೆ ಇದೆಲ್ಲ ಗೊತ್ತಿತ್ತು, ಒಳಗೊಳಗೇ ನುಂಗಿಕೊಂಡಿದ್ದಳು. ಭಾವನಿಗೂ ಗೊತ್ತಿತ್ತೆಂದು ಈಗ ಅನಿಸುತ್ತದೆ.

ನನ್ನ ಮಗಳಿಗೆ ಆರು ವರ್ಷ. ಸಣ್ಣ ದೇಹ, ದೊಡ್ಡ ಕಣ್ಣು. ಮನೆಯಲ್ಲಿ ಅವಳು ಗುಬ್ಬಿ. ಅವಳಿಗೆ ಐದು ತುಂಬಿದ ಮೇಲೆ ಬೆಳಗಿನ ಜಾವ ಕೆಮ್ಮು ಶುರುವಾಯಿತು. ಶೀತ ಎಂದುಕೊಂಡೆವು. ಆಮೇಲೆ ಉಸಿರಾಡುವಾಗ ಎದೆಯೊಳಗಿನಿಂದ ಸಿಳ್ಳೆಯಂಥ ಸದ್ದು ಬರತೊಡಗಿತು. ಮಕ್ಕಳ ಡಾಕ್ಟರಮ್ಮ ಉಬ್ಬಸ ಎಂದರು, ಉಸಿರಿನ ಮಿಷನ್ನು ಕೊಳ್ಳಲು ಹೇಳಿದರು. ಪುಟ್ಟ ಪೆಟ್ಟಿಗೆಯಂಥದು ಅದು. ಒಂದು ಬಟ್ಟಲಿಗೆ ಔಷಧಿ ಹಾಕಿ ಸ್ವಿಚ್ ಒತ್ತಿದರೆ ಗುರ್ರೆಂದು ಗಾಳಿ ತಳ್ಳುತ್ತದೆ, ಔಷಧಿ ಮಂಜಿನಂತಾಗಿ ಕೊಳವೆಯಲ್ಲಿ ಬಂದು ಮಗುವಿನ ಮಾಸ್ಕಿನೊಳಗೆ ತುಂಬುತ್ತದೆ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ.

ಆ ಮಿಷನ್ನನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಹೊರಮೈಯನ್ನು ದಿನಾ ಸ್ಪಿರಿಟ್ಟಿನಲ್ಲಿ ಒರೆಸಿದೆ. ಮಾಸ್ಕು, ಬಟ್ಟಲುಗಳನ್ನು ಬಿಸಿನೀರಿನಲ್ಲಿ ತೊಳೆದೆ. ಧೂಳು ಕೂರಬಾರದೆಂದು ಹತ್ತಿ ತುಂಬಿದ ಬಟ್ಟೆಯಲ್ಲಿ ಅದಕ್ಕೊಂದು ಗವಸು ಹೊಲಿದೆ. ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು, ಗುಬ್ಬಿಯ ಕೈಗೆ ಸಿಗದಿರಲೆಂದು ಫ್ರಿಜ್ಜಿನ ಮೇಲೆ ಹಿಂದಕ್ಕೆ ಸರಿಸಿದೆ. ನಮ್ಮ ಅಡುಗೆಮನೆ ಚಿಕ್ಕದು, ಫ್ರಿಜ್ಜು ಇರುವುದು ಮನೆಯೊಳಗೇ, ಗುಬ್ಬಿಯ ಕೋಣೆಯ ಮುಂದಿನ ಓಣಿಯಂಥ ಇಕ್ಕಟ್ಟು ಜಾಗದಲ್ಲಿ. ತೊಳೆದ ಮಾಸ್ಕನ್ನು ಅದೇ ಪೆಟ್ಟಿಗೆಯ ಮೇಲೆ ಬೋರಲು ಹಾಕುತ್ತಿದ್ದೆ. ಒಬ್ಬ ತಾಯಿ ಇದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ ಎಂದು ನನಗೇ ಹೆಮ್ಮೆಯಾಗುತ್ತಿತ್ತು.

ಎರಡು ತಿಂಗಳು ಗುಬ್ಬಿ ಚೆನ್ನಾಗಿದ್ದಳು. ಆಮೇಲೆ ಎಲ್ಲ ತಲೆಕೆಳಗಾಯಿತು. ಮಿಷನ್ ಹಾಕಿದಷ್ಟೂ ಕೆಮ್ಮು ಹೆಚ್ಚಾಯಿತು. ಒಂದು ಸಲ ಆಸ್ಪತ್ರೆಗೆ ಸೇರಿಸಿದೆವು, ಐದು ದಿನಕ್ಕೆ ಹುಷಾರಾಗಿ ಬಂದಳು. ಮನೆಗೆ ಬಂದು ವಾರವಾಗುವಷ್ಟರಲ್ಲಿ ಮತ್ತೆ ಅದೇ ಸಿಳ್ಳೆ. ಎರಡನೇ ಸಲ ಸೇರಿಸಿದಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ಜಿರಳೆ ಇದ್ಯಾ?" ಎಂದು ಕೇಳಿದರು.

ನನಗೆ ಮುಖಕ್ಕೆ ಹೊಡೆದಂತಾಯಿತು. "ನಮ್ಮನೇಲಾ? ಒಂದೇ ಒಂದು ತೋರಿಸಿಬಿಡಿ ಡಾಕ್ಟ್ರೇ, ನೋಡೋಣ," ಎಂದೆ.

"ಕೋಪ ಮಾಡ್ಕೋಬೇಡಿ. ಅದರ ಹಿಕ್ಕೆ, ಪೊರೆ ಪುಡಿಯಾಗಿ ಗಾಳೀಲಿ ಸೇರತ್ತೆ. ಕೆಲವು ಮಕ್ಕಳಿಗೆ ಅದೇ ವಿಷ. ಇಲ್ಲಿ ಉಸಿರು ಸರಿಹೋಗತ್ತೆ, ಮನೇಲಿ ಕೆಡತ್ತೆ. ಅಂದ್ರೆ ಮನೇಲೇ ಏನೋ ಇದೆ," ಎಂದರು.

ನಾನು ಮನೆಗೆ ಬಂದು ಸ್ಪ್ರೇ ಡಬ್ಬಿ ಒಂದರ ಬದಲು ಎರಡು ಖಾಲಿ ಮಾಡಿದೆ.

ಮೂರನೇ ಸಲ ನಡೆದದ್ದು ಮಧ್ಯಾಹ್ನ. ಸಂಜೆಯವರೆಗೆ ತಡೆಯಲಾರಳೆಂದು ಹೊತ್ತಿಗೆ ಮೊದಲೇ ಮಿಷನ್ ಹಾಕಿದೆ. ಮುಗಿಸಿ ಮಾಸ್ಕ್ ತೆಗೆದರೆ ಗುಬ್ಬಿಯ ತುಟಿ ನೀಲಿಯಾಗಿತ್ತು. ಮಾತಾಡಲು ಬಾಯಿ ತೆರೆದಳು, ಸದ್ದೇ ಹೊರಡಲಿಲ್ಲ. ಗಂಡ ಲಾರಿ ತೆಗೆದುಕೊಂಡು ಹೋಗಿ ಎರಡು ದಿನವಾಗಿತ್ತು. ಬರಿಗಾಲಿನಲ್ಲಿ ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿದೆ. ಯಾರ ಗಾಡಿ ಹತ್ತಿದೆನೋ, ಯಾರು ಇಳಿಸಿದರೋ ಇವತ್ತಿಗೂ ನೆನಪಿಲ್ಲ. ಸಂಜೆ ಡಾಕ್ಟರಮ್ಮ ಹೊರಗೆ ಬಂದವರು ಈ ಸಲ ಮೆತ್ತಗೆ ಮಾತಾಡಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ಇಲ್ಲಿಗೆ ತರೋವರೆಗೂ ಮಗು ಇರತ್ತೆ ಅಂತ ನಾನು ಹೇಳಲಾರೆ. ನಾಲ್ಕು ದಿನ ಇಟ್ಕೋತೀನಿ. ಅಷ್ಟರಲ್ಲಿ ಮನೇಲಿ ಏನಿದೆ ಅಂತ ಹುಡುಕಿಸಿ."

ಅಕ್ಕ ಆಸ್ಪತ್ರೆಗೆ ಬಂದು ಗುಬ್ಬಿಯ ಹಾಸಿಗೆಯ ಪಕ್ಕ ಕುಳಿತಳು. ನನ್ನ ಮುಖ ನೋಡದೆಯೇ ಕೇಳಿದಳು, "ಈಗಾದ್ರೂ ಅವ್ರನ್ನ ಕರೀತೀಯಾ?"

ಕರೆದೆ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಭಾವ ಬಂದರು. ನಾನು ಹೇಳದಿದ್ದರೂ ತಾವಾಗಿಯೇ ಚೀಲವನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಬಂದರು. ಅದನ್ನು ನೋಡಿ ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು. ನಾನೇ ಹೋಗಿ ಚೀಲವನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅವರು ಚುಡಾಯಿಸಲಿಲ್ಲ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಲೂ ಇಲ್ಲ. ಕಿಟಕಿ ಮುಚ್ಚಿದರು, ದೀಪ ಆರಿಸಿದರು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕುಳಿತೆವು. ಹತ್ತು ನಿಮಿಷವಾಗಿ ಟಾರ್ಚ್ ಬಿಟ್ಟರು. ಸಿಂಕಿನ ಕೆಳಗೆ ಏನಿಲ್ಲ. ಕಪಾಟಿನ ಹಿಂದೆ ಏನಿಲ್ಲ. ಒಲೆಯ ಅಡಿಯಲ್ಲಿ ಏನಿಲ್ಲ.

"ನೋಡಿದ್ರಾ?" ಎಂದೆ. ಆ ಹೊತ್ತಿನಲ್ಲೂ ನನ್ನ ಜಂಬ ಇಳಿದಿರಲಿಲ್ಲ.

"ನೋಡ್ದೆ. ಇಷ್ಟು ಸ್ಪ್ರೇ ಹೊಡ್ದಿರೋ ಅಡುಗೆಮನೇಲಿ ಯಾವ ಜಿರಳೆ ಇರತ್ತೆ?" ಎಂದರು. ಆಮೇಲೆ ಅಂಗೈಯಗಲದ ಅಂಟುರಟ್ಟುಗಳನ್ನು ತೆಗೆದು ಅಡುಗೆಮನೆಯಲ್ಲಿ ನಾಲ್ಕು, ಬಚ್ಚಲಲ್ಲಿ ಎರಡು, ಗುಬ್ಬಿಯ ಮಂಚದ ಕೆಳಗೊಂದು, ಓಣಿಯಲ್ಲಿ ಫ್ರಿಜ್ಜಿನ ಕಾಲ ಬಳಿ ಒಂದು ಇಟ್ಟರು. "ಇದು ಹಿಡಿಯೋಕಲ್ಲ. ಎಲ್ಲಿಂದ ಎಲ್ಲಿಗೆ ಓಡಾಡ್ತವೆ ಅಂತ ತಿಳ್ಕೊಳ್ಳೋಕೆ. ನಾಡಿದ್ದು ಬರ್ತೀನಿ. ಅಲ್ಲೀವರೆಗೆ ಸ್ಪ್ರೇ ಮುಟ್ಟಿದ್ರೆ ನನ್ನಾಣೆ," ಎಂದು ಹೋದರು.

ಎರಡು ದಿನ ಬಿಟ್ಟು ಬಂದಾಗ ನಾನು ಅವಸರದಲ್ಲಿದ್ದೆ. ವಾರ್ಡಿನ ಮಿಷನ್ನಿಗೆ ಬೇರೆ ಮಕ್ಕಳ ಜೊತೆ ಸರದಿ ಕಾಯಬೇಕು, ಸುಮ್ಮನೆ ಯಾಕೆ, ನಮ್ಮದನ್ನೇ ತೆಗೆದುಕೊಂಡು ಹೋಗೋಣ ಎಂದು ಫ್ರಿಜ್ಜಿನ ಮೇಲಿಂದ ಅದನ್ನು ಇಳಿಸಿ ಚೀಲಕ್ಕೆ ಹಾಕಿಕೊಂಡಿದ್ದೆ. ಭಾವ ಅಂಟುರಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಅಡುಗೆಮನೆಯ ನಾಲ್ಕೂ ಖಾಲಿ. ಬಚ್ಚಲಿನವೂ ಖಾಲಿ. ಮಂಚದ ಕೆಳಗಿನದರಲ್ಲಿ ಮೂರು. ಫ್ರಿಜ್ಜಿನ ಕಾಲ ಬಳಿಯದನ್ನು ಎತ್ತಿದವರು ಹಾಗೇ ನಿಂತರು. ರಟ್ಟಿನ ಬಿಳಿ ಕಾಣುತ್ತಲೇ ಇರಲಿಲ್ಲ. ಅಕ್ಕಿಕಾಳಿಗಿಂತ ಸಣ್ಣ, ಕಂದು ಬಣ್ಣದ ಮರಿಗಳು ಒಂದರ ಮೇಲೊಂದು ಅಂಟಿಕೊಂಡು ಇನ್ನೂ ಕಾಲಾಡಿಸುತ್ತಿದ್ದವು.

ನಾನು ಹಾವು ತುಳಿದವಳಂತೆ ಹಿಂದಕ್ಕೆ ಹಾರಿದೆ. ನನ್ನ ಮನೆಯಲ್ಲಿ! ನಾನು ದಿನಕ್ಕೆರಡು ಸಲ ಒರೆಸುವ ನೆಲದ ಮೇಲೆ!

ಭಾವ ಫ್ರಿಜ್ಜಿನ ಹಿಂದೆ ಕೈಯಾಡಿಸಿದರು, ಕೆಳಗೆ ಬಗ್ಗಿ ನೋಡಿದರು, ಮೇಲೆ ಮುಟ್ಟಿದರು. "ಇಲ್ಲಿ ಮೇಲೆ ಏನಿಟ್ಟಿದ್ದೆ?" ಎಂದು ಕೇಳಿದರು.

"ಏನಿಲ್ಲ. ಗುಬ್ಬಿ ಮಿಷನ್ನು. ಇಗೋ, ತಗೊಂಡ್ ಹೋಗ್ತಿದೀನಿ."

ಅವರ ಮುಖದ ಬಣ್ಣವೇ ಇಳಿದುಹೋಯಿತು. "ಒಂದ್ ನಿಮಿಷ ಕೊಡಿಲ್ಲಿ," ಎಂದರು.

"ಅಯ್ಯೋ ಭಾವ, ಅದು ಔಷಧಿ ಮಿಷನ್. ದಿನಾ ಸ್ಪಿರಿಟ್ ಹಾಕಿ ಒರೆಸ್ತೀನಿ. ಅದನ್ನ ಮುಟ್ಟಬೇಡಿ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಭಾವ ನನ್ನ ಮೇಲೆ ದನಿ ಏರಿಸಿದರು. "ಕೊಡು ಅಂದ್ರೆ ಕೊಡು!"

ಬಚ್ಚಲಿನ ಬಿಳಿ ಟಬ್ಬನ್ನು ತಂದು ಓಣಿಯ ಮಧ್ಯದಲ್ಲಿಟ್ಟರು. ಅಂಚಿಗೆ ಸುತ್ತಲೂ ಎಣ್ಣೆ ಸವರಿದರು. ಮಿಷನ್ನನ್ನು ಅದರೊಳಗೆ ಬೋರಲಾಗಿಟ್ಟು, ಗವಸು ತೆಗೆದು, ಸ್ಕ್ರೂಡ್ರೈವರ್ ಹಿಡಿದರು. ಸಾವಿರ ರೇಡಿಯೋ ಬಿಚ್ಚಿದ ಕೈ ಅದು, ಮೊದಲ ಸ್ಕ್ರೂಗೆ ಎರಡು ಸಲ ಜಾರಿತು. ನಾಲ್ಕು ಸ್ಕ್ರೂ. ನಾಲ್ಕನೆಯದು ಬಂದ ಮೇಲೆ ಅಡಿಯ ಮುಚ್ಚಳವನ್ನು ಎತ್ತಿದರು.

ಅದನ್ನು ಹೇಗೆ ಬರೆಯಲಿ? ಮುಚ್ಚಳದ ಒಳಮೈ ಪೂರ್ತಿ ಕಾಫಿಪುಡಿ ಚೆಲ್ಲಿದಂತಿತ್ತು. ಮೋಟಾರಿನ ಸುತ್ತ, ತಂತಿಗಳ ಸಂದಿಯಲ್ಲಿ, ಗಾಳಿ ಒಳಗೆ ಎಳೆಯುವ ತೂತಿನ ಬಾಯಲ್ಲಿ ಅವು ಒತ್ತೊತ್ತಾಗಿ ಕುಳಿತಿದ್ದವು. ಬೆಳಕು ಬಿದ್ದದ್ದೇ ತಡ, ಟಬ್ಬಿನ ತುಂಬ ಹರಡಿ ಎಣ್ಣೆಯ ಅಂಚಿನವರೆಗೆ ಹತ್ತಿ ಹತ್ತಿ ಜಾರಿದವು. ಹಿಂದೆ ಒಣಗಿದ ಪೊರೆಗಳು, ತತ್ತಿಯ ಚೀಲಗಳು, ಸತ್ತವುಗಳ ಕಾಲು, ರೆಕ್ಕೆ. ಗಾಳಿ ಸೋಸಲೆಂದು ಇಟ್ಟಿದ್ದ ಬೆರಳಿನ ಉಗುರಿನಷ್ಟು ಸ್ಪಂಜನ್ನು ತಿಂದು ಮುಗಿಸಿದ್ದವು. ಅಂದರೆ ಆ ಮಿಷನ್ನು ಈ ಕಸದ ಮೂಲಕವೇ ಗಾಳಿ ಎಳೆದು, ಆ ಗಾಳಿಯನ್ನೇ ಔಷಧಿಯಲ್ಲಿ ಬೆರೆಸಿ, ನನ್ನ ಮಗಳ ಮೂಗು ಬಾಯಿಗೆ ಕಳಿಸುತ್ತಿತ್ತು. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಕೆಮ್ಮು ಹೆಚ್ಚಾದ ದಿನ ಇನ್ನೂ ಹತ್ತು ನಿಮಿಷ.

ನನಗೆ ಗರ ಬಡಿದಂತಾಯಿತು. ಗುಬ್ಬಿ ತಿಂಗಳುಗಟ್ಟಲೆ ಹೇಳಿದ್ದಳು. "ಅಮ್ಮಾ, ಇದು ವಾಸನೆ. ಅಮ್ಮಾ, ಬೇಡ." ನಾನು ಅದನ್ನು ಹಟ ಎಂದುಕೊಂಡಿದ್ದೆ. ಅವಳ ಎರಡೂ ಕೈಗಳನ್ನು ನನ್ನ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮಾಸ್ಕನ್ನು ಮುಖಕ್ಕೆ ಅಮುಕುತ್ತಿದ್ದೆ. ಬಚ್ಚಲಿಗೆ ಓಡಿ ಹೋಗಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದೆ.

ಭಾವ ನನಗೆ ನೀರು ಕುಡಿಸಿ ಗೋಡೆಗೆ ಒರಗಿಸಿ ಕೂರಿಸಿದರು. ಪಾಠ ಹೇಳಲಿಲ್ಲ. ನಾನೇ ಕೇಳಿದೆ, "ಅಡುಗೆಮನೇಲಿ ಒಂದೂ ಇಲ್ಲ. ಇಲ್ಲಿಗೆ ಹೇಗೆ ಬಂದ್ವು?"

"ನೀನೇ ಅಟ್ಟಿದೆಯಲ್ಲಮ್ಮ," ಎಂದರು. ದನಿ ಸೋತಿತ್ತು. "ದಿನಾ ಸ್ಪ್ರೇ ಹೊಡ್ದು ಅಲ್ಲಿಂದ ಎಬ್ಬಿಸ್ದೆ. ಅವಕ್ಕೆ ಇಲ್ಲಿ ಎಲ್ಲ ಸಿಕ್ತು. ಫ್ರಿಜ್ಜಿನ ಕಾವು, ರಟ್ಟಿನ ಪೆಟ್ಟಿಗೆ, ಬೆಚ್ಚನೆ ಗವಸು. ಒದ್ದೆ ಮಾಸ್ಕಿಂದ ತೊಟ್ಟಿಕ್ಕೋ ನೀರು."

ನಾನು ಮಾಡಿದ ಒಂದೊಂದು ಆರೈಕೆಯನ್ನೂ ಅವರು ಹೀಗೆ ಎಣಿಸಿ ಹೇಳುತ್ತಿದ್ದರೆ ನಾನು ಕಿವಿ ಮುಚ್ಚಿಕೊಂಡೆ.

ಡಾಕ್ಟರಮ್ಮನಿಗೆ ಭಾವನೇ ಹೋಗಿ ಹೇಳಿದರು. ಅವರೂ ಕೇಳಿ ದಂಗಾದರು. ಬೇರೆ ಔಷಧಿ ಬರೆದರು. ಮನೆ ಪೂರ್ತಿ ಸರಿಯಾಗುವವರೆಗೆ ಮಗು ಅಲ್ಲಿಗೆ ಕಾಲಿಡಬಾರದು ಎಂದರು. ಗುಬ್ಬಿ ಆಸ್ಪತ್ರೆಯಿಂದ ನೇರ ಅಕ್ಕನ ಮನೆಗೆ ಹೋದಳು.

ಮೂರು ವಾರ ಭಾವ ಬೇರೆಲ್ಲ ಕೆಲಸ ಬಿಟ್ಟು ನಮ್ಮ ಮನೆಯಲ್ಲೇ ಇದ್ದರು. ನಾನು ಲಾಂಡ್ರಿಗೆ ರಜೆ ಹಾಕಿ ಅವರ ಕೈಕೆಳಗೆ ಕೆಲಸ ಮಾಡಿದೆ. ಮಿಷನ್ನನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಮುಗಿಸಿದ್ದಾಯಿತು. ಮನೆಯಲ್ಲಿದ್ದ ಒಂದೊಂದು ರಟ್ಟಿನ ಪೆಟ್ಟಿಗೆಯೂ ಹೊರಗೆ ಹೋಯಿತು. ಸ್ಪ್ರೇ ಹೊಡೆದ ಮೂಲೆಗಳನ್ನೆಲ್ಲ ಸೋಪಿನ ನೀರಿನಲ್ಲಿ ಮೂರು ಮೂರು ಸಲ ತೊಳೆಸಿದರು. ಆ ವಾಸನೆ ಇದ್ದರೆ ಅವು ಜೆಲ್ ಮುಟ್ಟುವುದಿಲ್ಲವಂತೆ. ಫ್ರಿಜ್ಜಿನ ಬಾಗಿಲಿನ ರಬ್ಬರಿನ ಹಿಂದೆ, ಕಪಾಟಿನ ಕೀಲುಗಳಲ್ಲಿ, ಸ್ವಿಚ್ ಬೋರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಜೆಲ್, ಅದಕ್ಕಿಂತ ಹೆಚ್ಚಿಲ್ಲ. ಕೊಳವೆಯ ಸುತ್ತಲಿನ ತೂತುಗಳಿಗೆ ಸಿಮೆಂಟು ತುಂಬಿದರು. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕಿದರು. ವಾರಕ್ಕೊಮ್ಮೆ ಅಂಟುರಟ್ಟು ಎತ್ತಿ ನೋಡುವುದು. ಮೊದಲ ವಾರ ನಲವತ್ತು, ಎರಡನೇ ವಾರ ಆರು. ಮೂರನೇ ವಾರದ ಕೊನೆಗೆ ಎಂಟು ರಟ್ಟುಗಳೂ ಇಟ್ಟ ಹಾಗೇ ಬೆಳ್ಳಗಿದ್ದವು. ತತ್ತಿಯಿಂದ ಮತ್ತೆ ಮರಿ ಬರಬಹುದು, ಇನ್ನೂ ಮೂರು ತಿಂಗಳು ರಟ್ಟು ಇಡಲೇಬೇಕು ಎಂದು ಎಚ್ಚರಿಸಿದರು.

ಆ ದಿನ ಅಕ್ಕ ಗುಬ್ಬಿಯನ್ನು ಕರೆತಂದಳು. ಗುಬ್ಬಿ ಓಣಿಯ ಈ ತುದಿಯಿಂದ ಆ ತುದಿಗೆ ಓಡಿ, ಕೆಮ್ಮದೆ, ಏದುಸಿರು ಬಿಡದೆ, "ದೊಡ್ಡಪ್ಪಾ, ನೋಡು!" ಎಂದು ಕೂಗಿದಳು. ನನಗೆ ಅಳು ಉಕ್ಕಿ ಬಂತು. ಅಕ್ಕ ಅವಳನ್ನು ಕರೆದುಕೊಂಡು ಕೋಣೆಯೊಳಗೆ ಹೋದಳು. ಭಾವ ನನ್ನ ಅಡುಗೆಮನೆಯ ಸಿಂಕಿನಲ್ಲಿ ಕೈ ತೊಳೆದು, ಒಣಬಟ್ಟೆ ತೆಗೆದುಕೊಂಡು ಸಿಂಕನ್ನು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

"ಸಾಕು ಬಿಡಿ ಭಾವ, ನನಗಿಂತ ಅತಿಯಾಯ್ತು ನಿಮ್ಮದು," ಎಂದು ನಕ್ಕೆ.

ಅವರು ನಗಲಿಲ್ಲ. ಬೆನ್ನು ಹಾಕಿಕೊಂಡೇ ಹೇಳಿದರು, "ನಿನ್ ಹತ್ರ ಒಂದ್ ಮಾತು ಹೇಳ್ಬೇಕಿತ್ತು. ನನಗೆ ಮೊದ್ಲೇ ಗೊತ್ತಾಗಿತ್ತು."

"ಏನ್ ಗೊತ್ತಾಗಿತ್ತು?"

"ಮೂರು ತಿಂಗಳ ಹಿಂದೆ ನಿಮ್ಮ ಲಾಂಡ್ರಿ ಮೇಡಮ್ಮು ಮನೆಗೆ ಬಂದಿದ್ರಲ್ಲ, ಅವತ್ತು ನಾನೂ ಇದ್ದೆ. ನೀನು ಅವರೆದುರಿಗೇ ಮುಂದಿನ ಕೋಣೇಲಿ ಗುಬ್ಬಿಗೆ ಮಿಷನ್ ಹಾಕ್ದೆ. ಆನ್ ಮಾಡಿದ ತಕ್ಷಣ ವಾಸನೆ ಬಂತು. ಇಷ್ಟು ವರ್ಷ ಮೂಸಿರೋ ವಾಸನೆ, ತಪ್ಪೋಕೆ ಸಾಧ್ಯಾನೇ ಇಲ್ಲ. ಹೇಳ್ಬೇಕು ಅಂತ ಬಾಯಿ ತೆಗ್ದೆ. ಅಷ್ಟರಲ್ಲಿ ನೀನು ಅವ್ರಿಗೆ, ಇವರು ನಮ್ಮ ಭಾವ, ಸರ್ಕಾರಿ ಕಚೇರೀಲಿ ಇದಾರೆ ಅಂದೆ. ಹಂಗಂದು ನನ್ನ ಮುಖ ನೋಡ್ದೆ. ನಾನು ಬಾಯಿ ಮುಚ್ಕೊಂಡೆ. ಮನೆಗೆ ಹೋಗಿ, ಔಷಧಿ ವಾಸನೆ ಇರ್ಬೇಕು ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡೆ. ನಿಮ್ಮಕ್ಕಂಗೂ ಹೇಳ್ಲಿಲ್ಲ."

ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ತಿಂಗಳು. ಎರಡು ಸಲ ಆಸ್ಪತ್ರೆ. ಆ ನೀಲಿ ತುಟಿ. ಊರಿಗೆಲ್ಲ ಮುಖಕ್ಕೆ ಹೊಡೆದಂತೆ ಸತ್ಯ ಹೇಳುವ ಮನುಷ್ಯ ನನ್ನ ಮಗುವಿನ ಎದುರಿಗೆ ಕುಳಿತು, ಗೊತ್ತಿದ್ದೂ ಸುಮ್ಮನಿದ್ದರು. ಅವರ ಕಪಾಳಕ್ಕೆ ಬಾರಿಸಿಬಿಡುವಷ್ಟು ಕೋಪ ಬಂತು.

"ಯಾಕ್ ಹೇಳ್ಲಿಲ್ಲ ಭಾವ? ನಿಮ್ ಬಾಯಿಗೇನಾಗಿತ್ತು?"

ಅವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿ ತುಂಬಿದ್ದವು. "ಹೇಳಿದ್ರೆ, ಅವತ್ತು ಅವರೆದುರಿಗೆ ಅದನ್ನ ಬಿಚ್ಚೋಕೆ ಬಿಡ್ತಿದ್ಯಾ?" ಎಂದು ಕೇಳಿದರು.

ನನ್ನನ್ನು ಚುಚ್ಚಲು ಕೇಳಿದ್ದಲ್ಲ ಅದು. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ಬಿಡ್ತಿದ್ದೆ ಎಂದುಬಿಟ್ಟರೆ ತಪ್ಪೆಲ್ಲ ಅವರ ತಲೆಗೆ ಹೋಗುತ್ತಿತ್ತು, ಅವರು ಅದನ್ನು ಸಾಯುವವರೆಗೂ ತುಟಿ ಎರಡು ಮಾಡದೆ ಹೊರುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ಭಾವ," ಎಂದೆ. "ಬಿಡ್ತಿರ್ಲಿಲ್ಲ. ನಿಮ್ಮನ್ನ ಆಚೆಗೆ ಕಳಿಸಿ, ಬಾಗಿಲು ಹಾಕ್ಕೊಂಡು, ಮತ್ತೆ ಅದೇ ಮಾಸ್ಕನ್ನ ಅವಳ ಮುಖಕ್ಕೆ ಹಿಡೀತಿದ್ದೆ."